ಬರ್ತೀನಿ ಅಂದ್ರೆ ಎಷ್ಟು ಗಂಟೆಗೆ?

ನನ್ನ ಜೊತೆ ಕೆಲಸ ಮಾಡುವ ನಾಗೇಂದ್ರ ಗೃಹಪ್ರವೇಶಕ್ಕೆ ಕರೆಯಲು ನಮ್ಮ ಮನೆಗೆ ಬಂದಿದ್ದ. ಪತ್ರಿಕೆ ಕೊಟ್ಟ, ಕಾಫಿ ಕುಡಿದ, ಎದ್ದ. ಚಪ್ಪಲಿ ಮೆಟ್ಟುತ್ತಾ ನನ್ನ ಮಗಳ ಕಡೆ ತಿರುಗಿ, 'ಬರ್ತೀನಮ್ಮಾ' ಅಂದ.

'ಎಷ್ಟು ಗಂಟೆಗೆ?' ಅಂದಳು ಮಗಳು.

ನಾಗೇಂದ್ರ ನಕ್ಕ. 'ಇನ್ನೊಂದ್ಸಲ ಬರ್ತೀನಿ ಪುಟ್ಟಿ.'

'ಯಾವ ವಾರ?'

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಮಗಳು ಗೇಟಿಗೆ ಅಡ್ಡ ನಿಂತಿದ್ದಳು. ಪಾಪ, ತಪ್ಪಿಸಿಕೊಂಡರೆ ಸಾಕು ಅಂತ, 'ಭಾನುವಾರ' ಅಂದುಬಿಟ್ಟ. ಗೇಟು ತೆರೆಯಿತು.

ಭಾನುವಾರ ಬಂತು. ಮಗಳು ತಿಂಡಿ ತಿಂದವಳೇ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಳು. ಬಿಸಿಲೇರಿತು. ಕರೆದರೆ ಒಳಗೆ ಬರಲಿಲ್ಲ. ಊಟಕ್ಕೆ ಎದ್ದೇಳಿಸಲು ಹೋದರೆ ಕಿರುಚಾಟ. ಕೊನೆಗೆ ನಾನೇ ಫೋನ್ ಮಾಡಿದೆ. 'ನಾಗೇಂದ್ರ, ಕೈ ಮುಗೀತೀನಿ, ಒಂದ್ಸಲ ಬಂದು ಹೋಗಪ್ಪ.' ಆ ಪುಣ್ಯಾತ್ಮ ಕೃಷ್ಣಮೂರ್ತಿಪುರಂನಿಂದ ಊರಾಚೆಯ ನಮ್ಮ ಹೂಟಗಳ್ಳಿಗೆ ಒಂದು ಲೋಟ ಕಾಫಿ ಕುಡಿಯಲು ಬಂದ. ಹೋಗುವಾಗ ಹುಷಾರಾಗಿದ್ದ. ಬಾಯಿ ಬಿಡಲಿಲ್ಲ. ಮಗಳಿಗೊಂದು ನಮಸ್ಕಾರ ಹಾಕಿ, ಸ್ಕೂಟರ್ ಹತ್ತಿ ಒಂದೇ ಉಸಿರಿಗೆ ಮಾಯವಾದ.

ಈ ಅಂಕಣ ಓದುವವರಿಗೆ ನನ್ನ ಮಗಳು ಇಂಚರ ಗೊತ್ತು. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಹತ್ತು ವರ್ಷ. ಮನೆಯಲ್ಲಿ ಇಂಚು. ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ, ಸಂಜೆ ಶಾಲೆಯಲ್ಲಿ, ಒಂದೊಂದಾಗಿ. ನನ್ನ ಮಗಳಿಗೆ ಡಾಕ್ಟರು ಹೋದಾಗಲೆಲ್ಲ ಒಂದು ರಾಶಿ ಇಂಗ್ಲಿಷ್ ಅಕ್ಷರ ಕೊಟ್ಟು ಕಳಿಸಿದರು. ಮೊದಲು ಎ.ಡಿ.ಎಚ್.ಡಿ., ಅಂದರೆ ಮನಸ್ಸು ಒಂದು ಕಡೆ ನಿಲ್ಲದಿರುವುದು. ಆಮೇಲೆ ಅದರ ಜೊತೆಗೆ ಎ.ಎಸ್.ಡಿ., ಅಂದರೆ ಆಟಿಸಂ. ಮುಂದಿನ ವರ್ಷ ಒ.ಡಿ.ಡಿ. (ಹೇಳಿದ ಮಾತಿಗೆಲ್ಲ ಎದುರು ನಿಲ್ಲುವುದಂತೆ. ಇದು ನನ್ನ ಹೆಂಡತಿ ಸವಿತಳಿಗೂ ಇದೆ ಅಂತ ನಾನು ಹೇಳಲಿಲ್ಲ, ಡಾಕ್ಟರ ಮುಂದೆ ಮನಸ್ಸಿನಲ್ಲಿ ಅಂದುಕೊಂಡೆ ಅಷ್ಟೆ.) ಇವೆಲ್ಲದರ ಮೇಲೆ ಆಂಗ್ಸೈಟಿ, ಸದಾ ಆತಂಕ. ಒಂದಕ್ಕೆ ಕೊಟ್ಟ ಮಾತ್ರೆ ಇನ್ನೊಂದಕ್ಕೆ ಆಗುವುದಿಲ್ಲ. ಒಂದಕ್ಕೆ ಹೇಳಿಕೊಟ್ಟ ಉಪಾಯ ಇನ್ನೊಂದನ್ನು ಕೆರಳಿಸುತ್ತದೆ.

ನಮ್ಮ ಸೋದರತ್ತೆ ಪುಟ್ಟತಾಯಮ್ಮನಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. 'ಅಲ್ಲ ಕನಪ್ಪ, ಇಷ್ಟೊಂದ್ ಇಂಗ್ಲಿಷ್ ಕಾಯ್ಲೆ ಒಂದೇ ಕೂಸ್ಗೆ ಎಂಗೆ ಬಂತು? ನಮ್ ವಂಶದಲ್ಲಿ ಇಂಗ್ಲಿಷ್ ಬತ್ತಿದ್ದೋರೇ ಇಲ್ವಲ್ಲ!'

ಇಂಥ ಮಕ್ಕಳನ್ನು ಸಾಕುವವರಿಗೆ ಸಲಹೆಯ ಬರ ಇಲ್ಲ. ಬೀದಿಯಲ್ಲಿ ಮಗು ನೆಲಕ್ಕೆ ಬಿದ್ದು ಹೊರಳಾಡಿದರೆ ಸಾಕು, ಹೋಗುವವರೆಲ್ಲ ಡಾಕ್ಟರಾಗುತ್ತಾರೆ. 'ಮೊಬೈಲ್ ಜಾಸ್ತಿ ಕೊಟ್ರಾ?' 'ಎರಡು ಬಿಟ್ರೆ ಸರಿಹೋಗುತ್ತೆ ಕಣ್ರೀ.' 'ನನ್ ಭಾಮೈದನ ಮಗನೂ ಹಿಂಗೇ ಇದ್ದ, ಈಗ ಬ್ಯಾಂಕಲ್ಲಿದಾನೆ.' ಬ್ಯಾಂಕಿಗೆ ಹೋಗಲು ಮೊದಲು ಹೀಗೆ ಹೊರಳಾಡಬೇಕೇನೋ. ನಮಗೆ ಯಾರೂ ಹೇಳಿರಲಿಲ್ಲ.

ಆದರೆ ಸತ್ಯ ಹೇಳುತ್ತೇನೆ. ಇಂಚುವಿನ ಕಷ್ಟದಲ್ಲಿ ಅರ್ಧ ಅವಳ ತಲೆಯೊಳಗಿದೆ. ಇನ್ನರ್ಧ ನಮ್ಮ ಕನ್ನಡದಲ್ಲಿದೆ.

ಅವಳಿಗೆ ಮಾತೆಂದರೆ ಮಾತು. ಹೇಳಿದ್ದೇ ಅರ್ಥ. ನಾವೋ, ಹೇಳುವುದೊಂದು, ತಿಳಿಯಬೇಕಾದದ್ದು ಇನ್ನೊಂದು. ಪಕ್ಕದ ಮನೆಯ ಆಂಟಿ 'ಊಟ ಆಯ್ತಾ?' ಅಂದರೆ ನೀವು ಏನು ಹೇಳುತ್ತೀರಿ? 'ಆಯ್ತು.' ಇಂಚು ಹೇಳುತ್ತಾಳೆ: 'ಮುದ್ದೆ, ಬಸ್ಸಾರು, ಅನ್ನ ಸ್ವಲ್ಪ. ಅಪ್ಪ ಮೂರನೇ ಮುದ್ದೆ ಕೇಳಿದ್ರು, ಅಮ್ಮ ಬೈದ್ರು.' ಅದೇ ಆಂಟಿ ಒಂದು ದಿನ 'ಯಾವಾಗಾದ್ರೂ ಮನೆ ಕಡೆ ಬಾರಮ್ಮ' ಅಂದರು. ಇಂಚು ಮಾರನೆಯ ಬೆಳಿಗ್ಗೆ, ಹಾಲಿನವನಿಗಿಂತ ಮೊದಲೇ, ಅವರ ಬಾಗಿಲು ತಟ್ಟಿದಳು. ಯಾವಾಗಾದರೂ ಅಂದಿದ್ದರಲ್ಲ?

ಹೀಗಿರುವಾಗ ಪುಟ್ಟತಾಯತ್ತೆ ನರಸೀಪುರದಿಂದ ನಮ್ಮ ಮನೆಗೆ ಬಂದರು. ನಾಲ್ಕು ದಿನ ಇದ್ದು ಹೋಗಲಿಕ್ಕೆ. ನನ್ನನ್ನು ಎತ್ತಿ ಆಡಿಸಿದ ಜೀವ. ಇಂಚುವನ್ನು ಕಂಡರೆ ಪ್ರಾಣ. ಆದರೆ ಅವರ ಮಾತಿನಲ್ಲಿ ಅಶುಭವಾದದ್ದು ಒಂದು ಅಕ್ಷರವೂ ಬರಕೂಡದು. ಅಕ್ಕಿ ಮುಗಿಯಿತು ಅನ್ನಬಾರದು. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ದೀಪ ಆರಿಸು ಅನ್ನಲೇಬಾರದು.

ಒಂದು ಸಂಜೆ ಎಲ್ಲರೂ ಹೊರಗೆ ಹೊರಟಿದ್ದೆವು. ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ, 'ಕೂಸೇ, ದೇವ್ರ ದೀಪ ದೊಡ್ದು ಮಾಡ್ಬುಡು' ಅಂದರು.

ನಮಗೆ ಇದರ ಅರ್ಥ ಗೊತ್ತು. ದೀಪ ಆರಿಸಿಬಿಡು. ಇಂಚು ದೇವರ ಗೂಡಿನ ಮುಂದೆ ಕೂತು, ಬಹಳ ಶ್ರದ್ಧೆಯಿಂದ, ಬತ್ತಿಯನ್ನು ಮುಂದಕ್ಕೆ ಎಳೆದಳು. ಎಣ್ಣೆ ಸುರಿದಳು. ಇನ್ನೆರಡು ಬತ್ತಿ ಹಾಕಿದಳು. ದೀಪ ದೊಡ್ಡದಾಯಿತು. ಬಹಳ ದೊಡ್ಡದಾಯಿತು. ಗೂಡಿನ ಮೇಲ್ಭಾಗ ಈಗಲೂ ಕಪ್ಪಗಿದೆ, ಬಂದರೆ ತೋರಿಸುತ್ತೇನೆ.

'ಅಯ್ಯಯ್ಯೋ, ಏನ್ ಕೂಸೇ ಇದು!' ಅಂತ ಅತ್ತೆ ಓಡಿದರು.

'ದೊಡ್ದಾಯ್ತಲ್ಲ ಅಜ್ಜಿ. ಇನ್ನೂ ದೊಡ್ಡದ್ ಮಾಡ್ಲಾ?'

ಒದ್ದೆ ಬಟ್ಟೆ ಹಾಕಿ ಆರಿಸಿದ್ದು ಸವಿತ. (ಆರಿಸಿದ್ದು ಅಂತಲೇ ಬರೆದಿದ್ದೇನೆ. ಅತ್ತೆ ಪೇಪರ್ ಓದುವುದಿಲ್ಲ.)

ಈಗ ವಿಷಯಕ್ಕೆ ಬರುತ್ತೇನೆ.

ಲಕ್ಷ್ಮೀಪುರಂನಲ್ಲಿ ಒಂದು ಹಳೆಯ ಮನೆಯ ಮಹಡಿಯ ಮೇಲೆ ಇಂಥ ಮಕ್ಕಳಿಗಾಗಿ ಒಂದು ಚಿಕ್ಕ ಕೇಂದ್ರ ಇದೆ. ಶಾಲೆ ಮುಗಿಸಿ ಇಂಚು ಅಲ್ಲಿಗೆ ಹೋಗುತ್ತಾಳೆ. ಮೊದಲು ಅಲ್ಲಿ ಒಬ್ಬ ಮಿಸ್ ಇದ್ದರು. ಒಳ್ಳೆಯ ಹುಡುಗಿ. ಮದುವೆ ಗೊತ್ತಾಗಿ ಕೆಲಸ ಬಿಟ್ಟರು. ಹೋಗುವ ದಿನ ಇಂಚುವಿನ ಗಲ್ಲ ಹಿಡಿದು, 'ಬರ್ತೀನಿ ಚಿನ್ನಾ' ಅಂದರು. ಯಾರಾದರೂ ಹೇಳುವುದೇ ಅಲ್ಲವೆ?

ಆ ಮಳೆಗಾಲ ಪೂರ್ತಿ ನನ್ನ ಮಗಳು ಆ ಮಹಡಿಯ ಮೆಟ್ಟಿಲ ಮೇಲೆ ಕೂತಳು. ಒಳಗೆ ಕಾಲಿಡಲಿಲ್ಲ. 'ಮಿಸ್ ಬರ್ತೀನಿ ಅಂದಿದಾರೆ.' ಬೇರೆ ಯಾರಾದರೂ ಕೈ ಹಿಡಿದರೆ ಕಚ್ಚುತ್ತಿದ್ದಳು. ಮನೆಯಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಕಲಿತ ಮಾತುಗಳೂ ಕೆಲವು ಹೋದವು. ಆ ದಿನಗಳ ಬಗ್ಗೆ ತಮಾಷೆ ಮಾಡಲು ನನಗೆ ಇನ್ನೂ ಬಂದಿಲ್ಲ. ಮುಂದಕ್ಕೆ ಹೋಗುತ್ತೇನೆ.

ಅವಳನ್ನು ಆ ಮೆಟ್ಟಿಲಿಂದ ಎಬ್ಬಿಸಿದ್ದು ಶೀಲಾ ಮಿಸ್. ಹೊಸದಾಗಿ ಬಂದವರು. ಕರೆಯಲಿಲ್ಲ, ಪುಸಲಾಯಿಸಲಿಲ್ಲ. ತಾವೂ ಬಂದು ಪಕ್ಕದ ಮೆಟ್ಟಿಲ ಮೇಲೆ ಕೂತರು. ದಿನಾ ಕೂತರು. ಒಂದು ದಿನ ಇಂಚುವೇ, 'ಇಲ್ಲಿ ಸೊಳ್ಳೆ ಇದೆ, ಒಳಗೆ ಹೋಗಣ' ಅಂದಳಂತೆ. ಅಂದಿನಿಂದ ಶೀಲಾ ಮಿಸ್ ಹೇಳಿದ್ದೇ ವೇದ. ಹಲ್ಲುಜ್ಜುವುದು, ಸರದಿಯಲ್ಲಿ ನಿಲ್ಲುವುದು, ಸಿಟ್ಟು ಬಂದಾಗ ಕಚ್ಚುವ ಬದಲು ದಿಂಬಿಗೆ ಗುದ್ದುವುದು, ಎಲ್ಲ ಅವರೇ ಕಲಿಸಿದ್ದು.

ಹೋದ ತಿಂಗಳು ಶೀಲಾ ಮಿಸ್ ನನ್ನನ್ನು ಪಕ್ಕಕ್ಕೆ ಕರೆದರು. 'ಸರ್, ಏಳು ತುಂಬ್ತು. ಬಾಣಂತನಕ್ಕೆ ತವರಿಗೆ ಹೋಗ್ತಿದೀನಿ. ಆಮೇಲೆ ನಮ್ಮೆಜಮಾನ್ರಿಗೆ ಹುಬ್ಬಳ್ಳಿಲಿ ಕೆಲಸ. ಮತ್ತೆ ಇಲ್ಲಿಗೆ ಬರೋದಿಲ್ಲ.'

ಸಂತೋಷ ಅಂತ ಬಾಯಲ್ಲಿ ಹೇಳಿದೆ. ಕಣ್ಣ ಮುಂದೆ ಆ ಮೆಟ್ಟಿಲು ಬಂತು.

ಡಾಕ್ಟರು ಹೇಳಿದ ಉಪಾಯ ಸುಲಭವಾಗಿತ್ತು. 'ಸಮಾಧಾನಕ್ಕೆ ಅಂತ ಸುಳ್ಳು ಹೇಳ್ಬೇಡಿ. ಹೋಗ್ತಾರೆ. ಬರೋದಿಲ್ಲ. ಅವರ ಜಾಗಕ್ಕೆ ಇಂಥೋರು ಬರ್ತಾರೆ. ಇಷ್ಟು ಸಾಕು. ಹೋಗೋರ ಬಾಯಿಂದಾನೇ ಹೇಳಿಸಿ.'

ಸುಲಭ. ಇಂಗ್ಲಿಷಿನಲ್ಲಿ ಸುಲಭ. ಆದರೆ ಕನ್ನಡದಲ್ಲಿ, ಅದೂ ಏಳು ತಿಂಗಳ ಗರ್ಭಿಣಿ ಹೊಸಲು ದಾಟುವಾಗ, 'ಹೋಗ್ತೀನಿ, ಮತ್ತೆ ಬರಲ್ಲ' ಅಂತ ಹೇಳಿಸುವುದು ಹೇಗೆ? ನೀವು ಯೋಚಿಸಿ ನೋಡಿ. ನಾವು ಜಗಳವಾಡಿದಾಗ ಮಾತ್ರ 'ಹೋಗ್ತೀನಿ' ಅನ್ನುತ್ತೇವೆ. 'ಹೋದರು' ಅಂತ ಬರಿದೇ ಅಂದರೆ ಕೇಳಿದವರು ಕೂಡಲೇ 'ಯಾವಾಗ? ಏನಾಗಿತ್ತು?' ಅನ್ನುತ್ತಾರೆ.

ಸವಿತಳಿಗೆ ಶೀಲಾ ಮಿಸ್‌ರನ್ನು ಹಾಗೇ ಕಳಿಸಲು ಮನಸ್ಸಿಲ್ಲ. ಮನೆಗೆ ಕರೆದು, ಬಳೆ ತೊಡಿಸಿ, ಮಡಿಲಕ್ಕಿ ತುಂಬಿ ಕಳಿಸೋಣ ಅಂದಳು. ಹಿರಿಯರು ಇದ್ದರೆ ಚೆಂದ. ಹಿರಿಯರು ಮನೆಯಲ್ಲೇ ಇದ್ದರಲ್ಲ! ಪುಟ್ಟತಾಯತ್ತೆ ಉತ್ಸಾಹದಿಂದ ಅಕ್ಕಿ ಆರಿಸಲು ಕೂತರು. ಆದರೆ ಹಿಂದಿನ ದಿನ ಸವಿತ ಫೋನಿನಲ್ಲಿ ಮಿಸ್‌ಗೆ ಹೇಳಬೇಕಾದ ಮಾತನ್ನು ಹೇಳಿಕೊಡುತ್ತಿದ್ದದ್ದು ಅವರ ಕಿವಿಗೆ ಬಿತ್ತು.

ಮೊರ ಪಕ್ಕಕ್ಕೆ ಸರಿಯಿತು.

'ಏನವ್ವಾ ಸವಿತ, ತುಂಬಿದ್ ಬಸ್ರಿ ಕೈಲಿ ಏನ್ ಅನ್ನುಸ್ತಿದ್ದೀಯೆ? ಮಡ್ಲಕ್ಕಿ ಕಟ್ಕಂಡು, ಹೊಸ್ಲು ದಾಟುವಾಗ, ಓಯ್ತೀನಿ ಬರಾಕಿಲ್ಲ ಅಂತಳಾ ಆ ಎಣ್ಮಗ? ನಿಮ್ಗೇನ್ ಬುದ್ಧಿ ನೆಟ್ಟಗದಾ?'

'ಅತ್ತೆ, ಬರ್ತೀನಿ ಅಂದ್ರೆ ಇಂಚು ಗೇಟ್ ಬಿಟ್ಟು ಏಳಲ್ಲ. ಹೋದ್ಸಲ ಏನಾಯ್ತು ಅಂತ ಗೊತ್ತಲ್ಲ?'

'ಬತ್ತೀನಿ ಅಂದ್ಬುಟ್ರೆ ಬರ್ಲೇಬೇಕಾ? ಅಂಗಂದೋರೆಲ್ಲಾ ಬಂದ್ರೆ ಮನೇಲಿ ಜಾಗ ಎಲ್ಲದವ್ವಾ? ಅಂಗನ್ನದು ಒಂದ್ ಪದ್ಧತಿ.'

ಅಡಿಗೆಮನೆಗೆ ನೀರಿಗೆ ಬಂದಿದ್ದ ಇಂಚು ನಿಂತು ಕೇಳಿದಳು. 'ಅಜ್ಜಿ, ಬರ್ದಿದ್ರೆ ಬರ್ತೀನಿ ಅಂತ ಯಾಕ್ ಹೇಳ್ತಾರೆ?'

ಅತ್ತೆ ಮೊರವನ್ನು ಮತ್ತೆ ಎಳೆದುಕೊಂಡರು. 'ನೀರ್ ಕುಡ್ಕಂಡ್ ಓಗು ಕೂಸೇ' ಅಂದರು.

ನಾನು ಯಾರ ಕಡೆ ಮಾತಾಡಲಿ? ಒಬ್ಬರು ಇನ್ನೂ ಹುಟ್ಟದ ಮಗುವನ್ನು ಕಾಯುತ್ತಿದ್ದರು. ಇನ್ನೊಬ್ಬಳು ಹತ್ತು ವರ್ಷದ ಮಗುವನ್ನು ಕಾಯುತ್ತಿದ್ದಳು. ಇಬ್ಬರ ಕೈಯಲ್ಲೂ ಇದ್ದ ಆಯುಧ ಒಂದೇ ಪದ. ನಾನು ಜಾಣನಂತೆ ಅಂಗಡಿಗೆ ಹೋಗಿ ಎಲೆ ಅಡಿಕೆ ತಂದೆ. (ಮನೆಯಲ್ಲಿ ಎಲೆ ಅಡಿಕೆ ಇತ್ತು.)

ಭಾನುವಾರ ಶೀಲಾ ಮಿಸ್ ಹಸಿರು ಸೀರೆ ಉಟ್ಟು ಬಂದರು. ಅತ್ತೆ ಎಲ್ಲ ಸಿಟ್ಟು ಮರೆತು ಬಳೆ ತೊಡಿಸಿದರು, ಮಡಿಲು ತುಂಬಿದರು. ಇಂಚು ಪಕ್ಕದಲ್ಲೇ ಕೂತು, 'ಮಿಸ್ ಹೊಟ್ಟೇಲಿರೋ ಪಾಪುಗೆ ಅಕ್ಕಿ ಯಾಕೆ? ಹಲ್ಲಿಲ್ಲ' ಅಂತ ಒಂದು ಸಂದೇಹ ಎತ್ತಿದಳು. ಒಬ್ಬಟ್ಟು ತಿಂದೆವು. ಹೊರಗೆ ಆಟೋ ಬಂದು ನಿಂತಿತು.

ಗೇಟಿನ ಹತ್ತಿರ ಎಲ್ಲರೂ ಸಾಲಾಗಿ ನಿಂತೆವು. ಪರೀಕ್ಷೆ ಬರೆಯಲು ನಿಂತವರ ಹಾಗೆ. ಶೀಲಾ ಮಿಸ್ ಇಂಚುವಿನ ಎದುರು ನಿಂತರು. ಹೇಳಬೇಕಾದದ್ದು ಅವರಿಗೆ ಗೊತ್ತಿತ್ತು. ಫೋನಿನಲ್ಲಿ ಚೆನ್ನಾಗಿ ಹೇಳಿದ್ದರು.

'ಪುಟ್ಟಾ, ನಾನು ಬರ್...'

ನಿಂತರು. ನಾಲಿಗೆ ಹುಟ್ಟಿದಾಗಿನಿಂದ ಓಡಿದ ದಾರಿ ಅದು. ಅದರ ತಪ್ಪೇನು? ಸವಿತ ನನ್ನ ತೋಳು ಹಿಡಿದಳು. ಅವಳ ಉಗುರಿನ ಗುರುತು ಸಂಜೆಯವರೆಗೂ ಇತ್ತು. ಅತ್ತೆಯ ಮುಖ ಮಾತ್ರ ಅರಳಿತು.

ಇಂಚು ತಲೆ ಎತ್ತಿ ಕೇಳಿದಳು. 'ಮಿಸ್, ಬರ್ತೀರಾ, ಹೋಗ್ತೀರಾ?'

ಶೀಲಾ ಮಿಸ್ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. ಕಣ್ಣು ತುಂಬಿತ್ತು. 'ಹೋಗ್ತೀನಿ ಪುಟ್ಟಾ. ಮತ್ತೆ ಪಾಠ ಮಾಡಕ್ಕೆ ಬರೋದಿಲ್ಲ.'

'ಬುಡ್ತು ಅನ್ನು!' ಅತ್ತೆ ಕಿರುಚಿದರು. 'ಬುಡ್ತು ಅನ್ನವ್ವಾ, ಬುಡ್ತು ಅನ್ನು!'

ನಮ್ಮ ಕಡೆ ಬಾಯಿಂದ ಕೆಟ್ಟ ಮಾತು ಬಂದರೆ ಕೂಡಲೇ ಹೀಗೆ ಹೇಳಿಸುತ್ತಾರೆ, ನಿಮಗೆ ಗೊತ್ತಲ್ಲ. 'ಬಿಡ್ತು' ಅಂದರೆ ಆ ಮಾತಿನ ದೋಷ ಬಿಟ್ಟುಹೋಯಿತು ಅಂತ. ನಮ್ಮ ಅತ್ತೆಯ ಬಾಯಲ್ಲಿ ಬುಡ್ತು. ಶೀಲಾ ಮಿಸ್ ಪಾಪ ಹೆದರಿ, 'ಬುಡ್ತು, ಬುಡ್ತು' ಅಂದರು. ಸವಿತಳೂ ಅಂದಳು. ಯಾಕೆ ಅಂತ ಗೊತ್ತಿಲ್ಲ, ನಾನೂ ಅಂದೆ.

ಇಂಚು ರಸ್ತೆಯ ಕಡೆಗೆ ಕತ್ತು ಚಾಚಿದಳು. 'ಬುಡ್ತಾ? ಯಾವ ಬಸ್ಸು?'

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಯ ಎದುರಿಗೇ ಬಸ್ ಸ್ಟಾಪ್. ಇಂಚುವಿಗೆ ಬಸ್ಸೆಂದರೆ ಹುಚ್ಚು. ಕಿಟಕಿಯಲ್ಲಿ ಕೂತು ಪ್ರತಿ ಬಸ್ಸನ್ನೂ ಕಳಿಸಿಕೊಡುತ್ತಾಳೆ. ಬಸ್ಸು ಹೊರಟಿತೋ, ಗಟ್ಟಿಯಾಗಿ 'ಬುಡ್ತು!' ಅನ್ನುತ್ತಾಳೆ. ಹಾಗಂದ ಮೇಲೆ ಆ ಬಸ್ಸಿನ ಕಡೆ ತಿರುಗಿಯೂ ನೋಡುವುದಿಲ್ಲ. ಮುಂದಿನ ಬಸ್ಸಿಗೆ ಕಾಯುತ್ತಾಳೆ. ಅವಳಿಗೆ ಗೊತ್ತಿದ್ದ ಬುಡ್ತು ಅದೊಂದೇ.

ಮೊದಲು ನಕ್ಕಿದ್ದು ಆಟೋದವನು. ಆಮೇಲೆ ನಾನು. ಆದರೆ ಶೀಲಾ ಮಿಸ್ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಇಂಚುವನ್ನೇ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು.

'ನನ್ ಬಸ್ಸು ಪುಟ್ಟಾ. ಶೀಲಾ ಮಿಸ್ ಬಸ್ಸು ಬುಡ್ತು.'

ಇಂಚು ಯೋಚಿಸಿದಳು. ಅವಳು ಯೋಚಿಸುವಾಗ ಬೆರಳು ತಿರುವುತ್ತಾಳೆ. ತಿರುವಿದಳು, ತಿರುವಿದಳು. ಆ ಹೊತ್ತಿನಲ್ಲಿ ಎದುರಿಗೆ ನಿಜವಾದ ಬಸ್ಸೇ ಬಂದು ಹೋಯಿತು. ಅವಳು ಅದನ್ನು ನೋಡಲಿಲ್ಲ.

'ಮುಂದಿನ್ ಬಸ್ಸು?' ಅಂದಳು.

'ನಂದಿನಿ ಮಿಸ್. ಮಂಗಳವಾರ. ನಾಲ್ಕು ಗಂಟೆಗೆ.'

'ಸರಿ.'

ಅಷ್ಟೇ. ಆಟೋ ಹೊರಟಿತು. ಇಂಚು ಗೇಟಿನ ಸರಳು ಹಿಡಿದು, ರಸ್ತೆಗೆಲ್ಲ ಕೇಳುವ ಹಾಗೆ 'ಬುಡ್ತು!' ಅಂದಳು. ತಿರುಗಿ ನೋಡದೆ ಒಳಗೆ ಹೋದಳು. ಉಳಿದ ಒಬ್ಬಟ್ಟು ಎಲ್ಲಿದೆ ಅಂತ ಕೇಳಿದ್ದು ಒಳಗಿನಿಂದ ಕೇಳಿಸಿತು. ಗೇಟಿನ ಹತ್ತಿರ ತುಂಬ ಹೊತ್ತು ಆಟೋ ಹೋದ ದಾರಿ ನೋಡುತ್ತಾ ನಿಂತವರು ನಾವು ಮೂವರು ದೊಡ್ಡವರೇ.

'ಬುಡ್ತು ಅಂದ್ಲಲ್ಲ, ಸರಿಯಾಯ್ತು ಬುಡು' ಅಂದರು ಅತ್ತೆ. ಅವರ ಲೆಕ್ಕದಲ್ಲಿ ದೋಷ ಪರಿಹಾರ. ಮಗಳ ಲೆಕ್ಕದಲ್ಲಿ ಬಸ್ಸು ಹೊರಟಾಯಿತು. ಒಂದೇ ಪದ ಇಬ್ಬರಿಗೂ ನೆಮ್ಮದಿ ಕೊಟ್ಟಿತು. ಡಾಕ್ಟರಿಗೆ ಹೇಳಿದೆ. ಅವರು ಇಂಗ್ಲಿಷಿನಲ್ಲಿ ಏನೋ ಅಂದರು. ಇನ್ನೊಂದಿಷ್ಟು ಅಕ್ಷರ ಸೇರಿಸಿಯಾರು ಅಂತ ನಾನು ಬೇಗ ಎದ್ದುಬಂದೆ.

ಮಂಗಳವಾರದ್ದೇ ನನಗೆ ಭಯ. ಲಕ್ಷ್ಮೀಪುರಂನ ಆ ಮೆಟ್ಟಿಲ ಬುಡದಲ್ಲಿ ಇಂಚು ನಿಂತಳು. ಮೇಲಿಂದ ನಂದಿನಿ ಮಿಸ್ ಇಳಿದು ಬಂದರು. ಚಿಕ್ಕ ಹುಡುಗಿ, ನನಗಿಂತ ಹೆಚ್ಚು ಹೆದರಿದ್ದರು.

ಇಂಚು ಅವರನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು. 'ಶೀಲಾ ಮಿಸ್ ಬುಡ್ತು. ನೀವು ನಾಲ್ಕು ಗಂಟೆದು.'

'ಹೌದಾ?' ಅಂದರು ನಂದಿನಿ ಮಿಸ್.

'ಐದು ನಿಮಿಷ ಲೇಟು' ಅಂತ ಬೈದು, ಮೆಟ್ಟಿಲು ಹತ್ತಿದಳು.

ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ. ಆ ದಿನವೇ ಅರ್ಧ ಗಂಟೆಯಲ್ಲಿ ಪೆನ್ಸಿಲ್ ಡಬ್ಬಿ ಕಿಟಕಿಯಿಂದ ಹಾರಿ ನನ್ನ ಕಾಲ ಬಳಿಯೇ ಬಿತ್ತು. ರಾತ್ರಿ ದಿಂಬಿಗೆ ಗುದ್ದಿ ಗುದ್ದಿ ಹತ್ತಿ ಹೊರಗೆ ಬಂತು. 'ಶೀಲಾ ಮಿಸ್ ಬಸ್ಸು ವಾಪಸ್ ಬರಲ್ವಾ?' ಅಂತ ಅವಳು ಕೇಳಿದಾಗ ಸವಿತ ಹತ್ತಿಯನ್ನು ದಿಂಬಿನೊಳಗೆ ತುಂಬುತ್ತಿದ್ದಳು. 'ಈ ರೂಟಿಗೆ ಬರಲ್ಲ ಕಂದ' ಅಂದಳು. ಆದರೆ ನನ್ನ ಮಗಳು ಮೆಟ್ಟಿಲ ಮೇಲೆ ಕೂರಲಿಲ್ಲ. ನಮಗೆ ಅಷ್ಟು ಸಾಕು.

ಅತ್ತೆಯೂ ಊರಿಗೆ ಹೊರಟರು. ನಾಲ್ಕು ದಿನಕ್ಕೆ ಅಂತ ಬಂದವರು ಮೂರು ವಾರ ಇದ್ದರು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, ಅಭ್ಯಾಸದಂತೆ, 'ಬತ್ತೀನಿ ಕೂಸೇ' ಅಂದುಬಿಟ್ಟರು.

'ಎಷ್ಟು ಗಂಟೆಗೆ?'

ಅತ್ತೆ ನನ್ನ ಮುಖ ನೋಡಿದರು. ಈ ಸಲವೂ ನಾನು ಆಕಾಶ ನೋಡಿದೆ. ಹಿಂದೆ ಜನ ತಳ್ಳುತ್ತಿದ್ದರು, ಕಂಡಕ್ಟರ್ 'ಹತ್ತಿ ಅಜ್ಜಿ, ಹತ್ತಿ' ಅನ್ನುತ್ತಿದ್ದ. ಅತ್ತೆ ಅಲ್ಲೇ ನಿಂತು, ಲೆಕ್ಕ ಹಾಕಿ, ಹೇಳಿದರು. 'ಗೌರಿ ಹಬ್ಬಕ್ಕೆ ಒಂದ್ ದಿನ ಮುಂಚೆ. ಮಧ್ಯಾಹ್ನದ್ ಬಸ್ಸು.'

ಈಗ ದಿನ ಬಿಟ್ಟು ದಿನ ಅತ್ತೆಯ ಫೋನು. 'ಕೂಸ್ಗೆ ಯೋಳಪ್ಪ, ಬತ್ತೀನಿ ಅಂದಿವ್ನಿ, ಮರ್ತಿಲ್ಲ ಅಂತ. ಮಂಡಿ ನೋವಾದ್ರೂ ಬತ್ತೀನಿ.' ಬದುಕಿನಲ್ಲಿ ಮೊದಲ ಸಲ ಪುಟ್ಟತಾಯತ್ತೆಯ 'ಬತ್ತೀನಿ'ಗೆ ಬರುತ್ತೇನೆ ಅಂತಲೇ ಅರ್ಥ. ಅದಕ್ಕೇ ಹೆದರಿದ್ದಾರೆ.

ಇಷ್ಟನ್ನು ಒಂದು ಬೆರಳಿನಲ್ಲಿ ಟೈಪ್ ಮಾಡಿ ಮುಗಿಸುವಾಗ ಇಂಚು ಬಂದು ಹೆಗಲ ಮೇಲಿಂದ ಇಣುಕಿದಳು. 'ಅಪ್ಪ, ಇದನ್ನ ಓದೋರೂ ಬರ್ತೀನಿ ಅಂತ ಹೇಳ್ತಾರಾ?' ಹೇಳ್ತಾರೆ ಕಂದ, ಎಲ್ಲರೂ ಹೇಳ್ತಾರೆ ಅಂದೆ. ಅವಳು ನಿಮಗೊಂದು ಪ್ರಶ್ನೆ ಕೇಳು ಅಂದಳು. ಕೇಳುತ್ತಿದ್ದೇನೆ.

ನೀವು ಕಡೆಯ ಸಲ 'ಬರ್ತೀನಿ' ಅಂತ ಹೇಳಿ ಹೊರಟ ಮನೆಯ ಗೇಟಿನ ಹತ್ತಿರ ಇನ್ನೂ ಯಾರೂ ಕೂತಿಲ್ಲ ತಾನೆ?